ನಾನು ಕೆಚ್ಚಲು ಕಾಪಾಡಿದ ಕಥೆ

ಕಳೆದ ವರ್ಷ ನಮ್ಮ ಹಸು ಬೆಳ್ಳಿಗೆ ಕೆಚ್ಚಲು ಬಾವು ಬಂದು, ನಾಲ್ಕು ಮೊಲೆಗಳಲ್ಲಿ ಒಂದು ಶಾಶ್ವತವಾಗಿ ನಿವೃತ್ತಿ ಹೊಂದಿತು. ಈ ವರ್ಷ ಅವಳು ಮತ್ತೆ ಕರು ಹಾಕಿದಾಗ, ಉಳಿದ ಮೂರನ್ನು ಕಾಪಾಡುವ ಹೊಣೆಯನ್ನು ನಾನು ಹೊತ್ತುಕೊಂಡೆ. ಬೇರೆ ದಾರಿಯೂ ಇರಲಿಲ್ಲ. ನಮ್ಮ ಹಟ್ಟಿಯ ಮನೆಗಳಲ್ಲಿ ಹಾಲು ಕರೆಯುವುದು ಗಂಡಸರ ಕೆಲಸ. ಹೆಂಗಸರು ಕೊಟ್ಟಿಗೆಗೆ ಕಾಲಿಡಬಾರದು, ಕೆಚ್ಚಲು ಮುಟ್ಟಬಾರದೆಂಬ ಹಳೆಯ ಕಟ್ಟಳೆಯೊಂದನ್ನು ಮಾತ್ರ ನನ್ನ ಹೆಂಡತಿ ಬಹಳ ಭಕ್ತಿಯಿಂದ ಪಾಲಿಸುತ್ತಾಳೆ.

ಹಾಲಿನ ಸಂಘಕ್ಕೆ ಬಂದಿದ್ದ ದನದ ಡಾಕ್ಟರು, ಕರೆದಾದ ಮೇಲೆ ಮೊಲೆಗಳಿಗೆ ಬೇವಿನ ಮದ್ದು ಹಚ್ಚಿದರೆ ಒಳ್ಳೆಯದು ಎಂದರು. ಅಷ್ಟರಲ್ಲಿ ಹೊರಗೆ ಬೋಂಡಾ ಕೊಡತೊಡಗಿದರು. ಮುಖ್ಯವಾದದ್ದು ತಿಳಿಯಿತಲ್ಲ ಎಂದು ನಾನು ಎದ್ದು ಹೋದೆ.

ನಮ್ಮ ಬೆಟ್ಟದ ಚಳಿಗೆ ಬೇವು ಬೆಳೆಯುವುದಿಲ್ಲ. ಮೆಟ್ಟುಪಾಳ್ಯಕ್ಕೆ ಇಳಿದು ಒಂದು ಮೂಟೆ ಸೊಪ್ಪು ತಂದೆ. ಬಸ್ಸಿನಲ್ಲಿ ಪಕ್ಕದವರು, ಮನೆಯಲ್ಲಿ ಯಾರಿಗೆ ಅಮ್ಮ ಎದ್ದಿದೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ಬೇರೆ ಸೀಟು ಹುಡುಕಿಕೊಂಡರು. ಮದ್ದು ಎಷ್ಟು ಹಚ್ಚಬೇಕೆಂಬುದು ಆ ಬೋಂಡಾಕ್ಕೇ ಗೊತ್ತು! ಅರಿಸಿನ ಸೇರಿಸಿ ರುಬ್ಬಿ, ಸಂಜೆ ಹಾಲು ಕರೆದಾದ ಮೇಲೆ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದೆ.

ಬೆಳಿಗ್ಗೆ ಕರು ಬಿಟ್ಟೆ. ಅದು ಓಡಿ ಬಂದು ಬಾಯಿ ಹಾಕಿ, ತಲೆ ಕೊಡವಿ, ಮೂಲೆಗೆ ಹೋಗಿ ನಿಂತಿತು. ಕರು ಕುಡಿಯದೆ ಬೆಳ್ಳಿ ಹಾಲು ಇಳಿಸುವವಳಲ್ಲ. ಚೊಂಬಿಗೆ ನಾಲ್ಕು ಹನಿ ಬಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಕರುವಿನ ಬಾಯಿ ಬಿಡಿಸಿ ಹಲ್ಲು ನೋಡಿದೆ, ನಾಲಿಗೆ ನೋಡಿದೆ. ಎರಡೂ ಇದ್ದವು! ಪಕ್ಕದ ಮನೆಯ ಬೋಜಣ್ಣ ಬಂದು ದೃಷ್ಟಿ ತಾಗಿದೆ ಎಂದ. ಮೆಣಸಿನಕಾಯಿ ನಿವಾಳಿಸಿ ಸುಟ್ಟೆವು. ಬೆಳ್ಳಿ ಸೀನಿದಳು, ಹಾಲು ಕೊಡಲಿಲ್ಲ. ಹಾಗಾದರೆ ಇದು ಬಾವಿನ ಮೊದಲ ಲಕ್ಷಣವೇ ಸರಿ ಎಂದು ದೀರ್ಘವಾಗಿ ಆಲೋಚಿಸಿ, ಮದ್ದನ್ನು ಇನ್ನೊಂದು ಪದರ ಮೆತ್ತಿದೆ.

ಸಂಜೆ ಕರು ಹತ್ತಿರವೂ ಬರಲಿಲ್ಲ. ಕೆಚ್ಚಲು ಕಲ್ಲಾಗಿತ್ತು. ಹಾಲು ಕಟ್ಟಿಕೊಂಡರೂ ಬಾವು ಬರುತ್ತದಲ್ಲ ಎಂದು ಬೋಜಣ್ಣ ಮೆಲ್ಲಗೆ ಹೇಳಿದ. ಬೆಳ್ಳಿ ನೋವಿಗೆ ಕಾಲು ಬದಲಿಸುತ್ತಿದ್ದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಗಲಾಟೆ ಕೇಳಿ ನನ್ನ ಅವ್ವೆ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಕಟ್ಟಳೆ ಮೀರಿ ಒಳಗೆ ಕಾಲಿಡಲಿಲ್ಲ.

"ಏನ ಹಚ್ಚಿದೆ?"

ಹೇಳಿದೆ.

"ಆ ಬೆರಳ ಒಸಿ ನೆಕ್ಕು."

ನೆಕ್ಕಿದೆ. ಕಿವಿಯವರೆಗೂ ಕಹಿ ಏರಿತು. ಬೆಳಿಗ್ಗೆಯಿಂದ ಕರು ಹೇಳುತ್ತಿದ್ದುದು ಇದನ್ನೇ!

ಬಿಸಿನೀರಿನಲ್ಲಿ ಮೂರು ಸಲ ತೊಳೆದೆ. ಕರು ನನ್ನನ್ನೊಮ್ಮೆ ಅನುಮಾನದಿಂದ ಮೂಸಿ, ಆಮೇಲೆ ಬಾಯಿ ಹಾಕಿತು. ಹಾಲು ಇಳಿಯಿತು. ಮೂರು ಮೊಲೆಗಳೂ ನನ್ನಿಂದ ಪಾರಾದವು. ಡಾಕ್ಟರಿಗೆ ಫೋನು ಮಾಡಿದರೆ, ತೆಳ್ಳಗೆ ಹಚ್ಚಿ, ಮರುಸಲ ಕರೆಯುವ ಮೊದಲು ಚೆನ್ನಾಗಿ ತೊಳೆಯಬೇಕೆಂದು ಅವತ್ತೇ ಹೇಳಿದ್ದರಂತೆ.

ಕಾಫಿ ಕುಡಿಯುತ್ತ ಅವ್ವೆ ನನ್ನ ಹೆಂಡತಿಗೆ ಹೇಳಿದಳು: "ಇವನ ಮೊಲೆ ಬಿಡಿಸೋಕೆ ನಾನೂ ಬೇವೇ ಹಚ್ಚಿದ್ದೆ. ಕರುವಿಗೆ ಒಂದೇ ಸಲಕ್ಕೆ ತಿಳೀತು. ಇವ ಮೂರು ತಿಂಗಳು ನೆಕ್ಕಿ ನೆಕ್ಕಿ ಕುಡಿದ."

ಕೊಟ್ಟಿಗೆಯಲ್ಲಿ ಆ ಬೆರಳಿನ ರುಚಿ ಎಲ್ಲೋ ಪರಿಚಿತ ಅನ್ನಿಸಿದ್ದು ಅದಕ್ಕೇ ಇರಬೇಕು.