ಬಾಣನ ಪಕ್ಕೆಲುಬು

ನಾಯಿ ಸಾಕುವುದು ಸುಲಭ, ನಾಲ್ಕು ಜನ ಒಪ್ಪುವ ಹಾಗೆ ಸಾಕುವುದು ಕಷ್ಟ. ಅದರಲ್ಲೂ ನಾಯಿ ಮುಧೋಳ ತಳಿಯದಾಗಿ, ಮನೆ ತುಮಕೂರಿನಲ್ಲಿದ್ದು, ಅತ್ತೆಯ ಊರು ನಿಟ್ಟೂರಾಗಿದ್ದರೆ ದೇವರೇ ಗತಿ. ಮುಧೋಳ ನಾಯಿ ಹುಟ್ಟಾ ಸಣಕಲು. ಹೊಟ್ಟೆ ಒಳಕ್ಕೆ ಸರಿದಿರಬೇಕು, ಹಿಂದಿನ ಪಕ್ಕೆಲುಬು ಒಂದಿಷ್ಟು ಕಾಣಬೇಕು, ಅದೇ ಅದರ ಲಕ್ಷಣ. ಇದನ್ನೆಲ್ಲ ನಾನು ಕಲಿತದ್ದು ಡಾಗ್ ಶೋಗಳಲ್ಲಿ. ತುಮಕೂರಿನದೇ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ನನಗೆ ಭಾನುವಾರ ಬೇರೆ ಚಟವಿಲ್ಲ. ಎಲ್ಲಾದರೂ ಶೋ ಇದೆ ಎಂದರೆ ಗುಬ್ಬಿಯಾದರೂ ಸರಿ, ಕುಣಿಗಲ್ಲಾದರೂ ಸರಿ, ಸ್ಕೂಟರ್ ಹತ್ತಿಬಿಡುತ್ತೇನೆ. ಕುಣಿಗಲ್ಲಿನಲ್ಲಿ ಒಮ್ಮೆ ಒಬ್ಬರು ತಮ್ಮ ಸೇಂಟ್ ಬರ್ನಾರ್ಡ್ ನಾಯಿಯನ್ನು ನೆರಳಲ್ಲಿ ಮಲಗಿಸಿ, ಟೇಬಲ್ ಫ್ಯಾನ್ ಹಾಕಿ, ತಾವು ಬಿಸಿಲಲ್ಲಿ ವೈರು ಹಿಡಿದು ನಿಂತಿದ್ದರು. ಹೀಗೆ ನೋಡೀ ನೋಡೀ, ಯಾವ ನಾಯಿಯ ಬೆನ್ನು ನೆಟ್ಟಗಿದೆ, ಯಾವುದಕ್ಕೆ ಬೊಜ್ಜು ಬಂದಿದೆ ಎಂದು ಜಡ್ಜಿಗಿಂತ ಮೊದಲೇ ಪಕ್ಕದವರಿಗೆ ಹೇಳುವಷ್ಟು ಪಂಡಿತನಾದೆ. ಪಕ್ಕದವರು ಸಾಮಾನ್ಯವಾಗಿ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದರು.

ಆದರೆ ಈ ಪಾಂಡಿತ್ಯದಿಂದ ನನ್ನ ಹೆಂಡತಿ ಗಿರಿಜಾಳ ಮಾನ ಹೋಗುತ್ತಿತ್ತು. ಮನೆಗೆ ಬಂದವರೆಲ್ಲ ನಮ್ಮ ಮುಧೋಳ ನಾಯಿ ಬಾಣನನ್ನು ನೋಡಿ, "ಪಾಪ, ಹುಷಾರಿಲ್ವಾ?" ಎನ್ನುತ್ತಿದ್ದರು. ಎದುರುಮನೆ ಶಾಂತಕ್ಕ ದಿನಾ ಒಂದು ಚಪಾತಿ ತಂದು ಗೇಟಿನ ಸಂದಿಯಿಂದ ಹಾಕಿ, "ತಿನ್ಲಿ ಬುಡಿ, ಪುಣ್ಯ ಬತ್ತದೆ" ಎಂದು ಹೋಗುತ್ತಿದ್ದರು.

"ಮಠದ ದಾಸೋಹಕ್ಕೆ ಮೂಟೆಗಟ್ಲೆ ಅಕ್ಕಿ ಕಳಿಸೋ ಮನೆ ನಮ್ದು. ಈಗ ನಾಯಿಗೂ ಊಟ ಹಾಕಲ್ಲ ಅಂತ ಬೀದಿಯೆಲ್ಲಾ ಆಡ್ಕೊತಿದೆ" ಎಂದು ಗಿರಿಜಾ ಕಣ್ಣೀರೇ ಹಾಕಿದಳು.

"ಅದು ಬ್ರೀಡ್ ಸ್ಟ್ಯಾಂಡರ್ಡು ಕಣೇ."

"ನನಗ್ಯಾಕೆ ಹೇಳ್ತೀರಾ? ಶಾಂತಕ್ಕನಿಗೆ ಹೇಳಿ."

ಹೋಗಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಮಾರನೆಯ ದಿನದಿಂದ ಎರಡು ಚಪಾತಿ ಬಂತು.

ಅಷ್ಟರಲ್ಲಿ ತುಮಕೂರಿನಲ್ಲೇ ಶೋ ನಡೆಯುತ್ತದೆಂದು ಗೊತ್ತಾಗಿ, ಬಾಣನ ಹೆಸರು ಕೊಟ್ಟೆ. ಒಂದು ಕಪ್ ಗೆದ್ದು ತಂದು ಕಿಟಕಿಯಲ್ಲಿಟ್ಟರೆ ಬೀದಿಯ ಬಾಯಿ ಮುಚ್ಚುತ್ತದೆ, ಗಿರಿಜಾ ತಲೆ ಎತ್ತಿ ಓಡಾಡಬಹುದು ಎಂಬುದು ನನ್ನ ಲೆಕ್ಕಾಚಾರ. ಆದರೆ ಫ್ಯಾಕ್ಟರಿಯಲ್ಲಿ ಆಡಿಟ್ ಶುರುವಾಗಿ ನಾನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವಂತಾಯಿತು. ಬಾಣನನ್ನು ನೋಡಿಕೊಳ್ಳಲೆಂದೇ ನಿಟ್ಟೂರಿನಿಂದ ಅತ್ತೆ ಬಂದರು, ತುಪ್ಪದ ಡಬ್ಬಿ ಸಮೇತ. "ಪಂದ್ಯಕ್ಕೆ ಹೋಗೋ ಮಗ ಹಸ್ಕೊಂಡು ಹೋಯ್ತದಾ ಅಳಿಯಂದ್ರೇ? ಅದೆಲ್ಲಾ ನಂಗೆ ಬುಡಿ" ಎಂದರು. ಬಿಟ್ಟೆ. ರಾಗಿಮುದ್ದೆ, ಗಟ್ಟಿ ಮೊಸರು, ಮೇಲೆ ತುಪ್ಪ. ಊರ ನಾಯಿಗಳ ಬೊಜ್ಜನ್ನು ಮೈದಾನದ ಆ ಕಡೆಯಿಂದಲೇ ಗುರುತಿಸುವ ನಾನು, ನನ್ನ ನಾಯಿಯ ತಲೆ ಸವರಿ "ಒಳ್ಳೆ ಹೊಳಪು ಬಂದಿದೆ, ಫಸ್ಟ್ ಕ್ಲಾಸ್ ಕಂಡೀಷನ್" ಎಂದು ಹೇಳಿ ಮಲಗಿಬಿಡುತ್ತಿದ್ದೆ.

ಶೋ ದಿನ ಅತ್ತೆ ಬಾಣನ ಹಣೆಗೆ ಅಗಲವಾಗಿ ವಿಭೂತಿ ಹಚ್ಚಿ, ದೃಷ್ಟಿ ತೆಗೆದು, ಎಲ್ಲರನ್ನೂ ಆಟೋ ಹತ್ತಿಸಿದರು. ರಿಂಗಿನಲ್ಲಿ ಜಡ್ಜ್ ಮೊದಲು ನೋಡಿದ್ದೇ ಹಣೆಯನ್ನು.

"ಈ ತಳೀಲಿ ಮೂರು ಬಿಳಿ ಗೆರೆ ನಾನೆಲ್ಲೂ ನೋಡಿಲ್ವಲ್ರೀ" ಎಂದು ಬೆರಳಿನಿಂದ ತಿಕ್ಕಿದರು. ಒಂದು ಗೆರೆ ಅಳಿಸಿಹೋಯಿತು.

"ಅಯ್ಯೋ ಸ್ವಾಮೀ, ವಿಭೂತಿ ಅಳಿಸ್ಬ್ಯಾಡಿ!" ಎಂದು ಹಗ್ಗದ ಆಚೆಯಿಂದ ಅತ್ತೆ ಕೂಗಿದರು.

ಜಡ್ಜ್ ಗಾಬರಿಯಿಂದ ಕೈ ತೆಗೆದು ಪಕ್ಕೆಗೆ ಬಂದರು. ಒತ್ತಿದರು. ಸರಿದು ಮತ್ತೆ ಒತ್ತಿದರು. ಕನ್ನಡಕ ಸರಿಮಾಡಿಕೊಂಡು, "ಪಕ್ಕೆಲುಬು ಎಲ್ರೀ?" ಎಂದರು.

"ಒಳಗಿದೆ ಸಾರ್" ಎಂದೆ.

ಓಡಿಸಿ ಎಂದರು. ನಾನು ಓಡಿದೆ. ಬಾಣ ಅರ್ಧ ಸುತ್ತು ಜೊತೆಗೆ ಬಂದು, ಅತ್ತೆಯ ಕೈಚೀಲ ಕಂಡದ್ದೇ ಅದರ ಮುಂದೆ ಕೂತುಬಿಟ್ಟ. ಅವನ ಹಗ್ಗ ಕೈಜಾರಿದ್ದು ಗೊತ್ತಾಗದೆ ನಾನೊಬ್ಬನೇ ಉಳಿದರ್ಧ ಸುತ್ತು ಓಡಿ ಏದುಸಿರು ಬಿಡುತ್ತಿದ್ದೆ. ಕೊನೆಗೆ ಜಡ್ಜ್ ಮೈಕ್ ತೆಗೆದುಕೊಂಡು, "ಒಳ್ಳೆ ನಾಯಿ, ಒಳ್ಳೆ ರಕ್ತ. ಆದ್ರೆ ಊಟ ವಿಪರೀತ ಹಾಕಿದಾರೆ. ದಯವಿಟ್ಟು ಯಾರೂ ಹಿಂಗೆ ತಿನ್ನಿಸ್ಬೇಡಿ" ಎಂದು ಇಡೀ ಮೈದಾನಕ್ಕೆ ಸಾರಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಳುತ್ತಿರುತ್ತಾಳೆಂದುಕೊಂಡು ಗಿರಿಜಾಳ ಕಡೆ ನೋಡಿದರೆ, ಅವಳ ಮುಖದಲ್ಲಿ ಮದುವೆಯ ದಿನವೂ ಇರದ ಕಳೆ!

ಸಂಜೆ ನಮ್ಮ ಮನೆಯಲ್ಲಿ ಬೀದಿಯವರಿಗೆಲ್ಲ ಕಾಫಿ. "ಜಡ್ಜೇ ಮೈಕಲ್ಲಿ ಹೇಳಿದ್ರು ಶಾಂತಕ್ಕ, ಊಟ ವಿಪರೀತವಂತೆ! ಬೇಕಾದ್ರೆ ಅಮ್ಮನ್ನ ಕೇಳಿ" ಎಂದು ಗಿರಿಜಾ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಶಾಂತಕ್ಕ ಬಾಣನ ಪಕ್ಕೆ ಒತ್ತಿ ನೋಡಿ ತಪ್ಪೊಪ್ಪಿಕೊಂಡರು. ಕಪ್ ಕಳೆದುಕೊಂಡ ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಕಡೆಗೆ ಶಾಂತಕ್ಕನೇ, "ಯಜಮಾನ್ರು ಯಾಕೆ ಸಪ್ಪಗವ್ರೆ?" ಎಂದು ಕೇಳಿದರು.

"ನಾಯಿ ಕೂತ್ಮೇಲೂ ಅವರೊಬ್ರೇ ಓಡಿದ್ರಲ್ಲ, ಸುಸ್ತು" ಎಂದಳು ಗಿರಿಜಾ. "ಪುಣ್ಯಕ್ಕೆ ಜಡ್ಜು ಅವರ ಪಕ್ಕೆ ಮುಟ್ಟಿ ನೋಡ್ಲಿಲ್ಲ."

ನಾನು ಹೊಟ್ಟೆಯನ್ನು ಒಳಗೆಳೆದುಕೊಂಡು ಕಾಫಿ ಲೋಟಕ್ಕೆ ಕೈ ಚಾಚಿದೆ.