ಕಿಲೋದ ಮಂದಿ, ನ್ಯೂಟನ್ನಿನ ಮೀಟರು

ಮೀಟರು ಪರೀಕ್ಷೆ ಮಾಡುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನಮ್ಮ ಮನೆಯಲ್ಲಿ ಕೇಳುತ್ತಿದ್ದರು. ಹನ್ನೆರಡು ವರ್ಷದಲ್ಲಿ ನಾನು ನಗದೆ ಮನೆಗೆ ಬಂದ ವಾರ ಬಹಳ ಇಲ್ಲ.

ಡಿಪ್ಲೊಮಾ ಮುಗಿಸಿ, ತೊಂಬತ್ತರ ದಶಕದ ನಡುವಿನಲ್ಲಿ ತಾರಿಹಾಳದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದೆ. ಬೆಲ್ಟು, ತಂತಿ, ಹಗ್ಗ ಎಷ್ಟು ಬಿಗಿಯಾಗಿವೆ ಎಂದು ತೋರಿಸುವ ಮೀಟರು ಮಾಡುತ್ತಿದ್ದೆವು. ಮೊದಲೆಲ್ಲ ಡಯಲ್ ಮೇಲೆ ಕಿಲೋ ಇತ್ತು. ಆಮೇಲೆ ದೊಡ್ಡ ಗಿರಾಕಿಗಳು ಪತ್ರ ಬರೆದರು: ಕಿಲೋ ಅನ್ನುವುದು ವಸ್ತುವಿನ ಲೆಕ್ಕ, ಎಳೆಯುವ ಬಲಕ್ಕೆ ನ್ಯೂಟನ್ ಬೇಕು. ಒಂದು ಕಿಲೋ ತೂಗಿಬಿಟ್ಟರೆ ಅದು ೯.೮೧ ನ್ಯೂಟನ್ ಬಲದಿಂದ ಎಳೆಯುತ್ತದೆ. ಕಿಲೋವನ್ನು ೯.೮೧ರಿಂದ ಗುಣಿಸಿದರೆ ಮುಗಿಯಿತು. ಮುಗಿಯಿತು ಎಂದು ನಾನು ತಿಳಿದಿದ್ದೆ.

೧. ಗೋಡೆಯ ಮೇಲಿನ ಅಂಕಿ

ಎಲ್ಲರಿಗೂ ಕಾಣಲಿ ಎಂದು ನಾನು ಆ ಅಂಕಿಯನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದಿದ್ದೆ. ದಸರೆಗೆ ಸುಣ್ಣ ಬಳಿಯಲು ಬಂದ ಪೇಂಟರನಿಗೆ ನಮ್ಮ ಫೋರಮನ್ ಕಾಕಾ, "ಅದನ್ನ ಅಳಿಸಬ್ಯಾಡಪಾ, ಬಣ್ಣದಾಗ ಛಂದಂಗ ಬರದು ಹೋಗು" ಎಂದರು. ಆತ ಕೆಂಪು ಬಣ್ಣದಲ್ಲಿ, ಹೂವಿನ ಬಳ್ಳಿಯ ನಡುವೆ, ೯.೧೮ ಎಂದು ಬರೆದು ಹೋದ. ಅದನ್ನೇ ನೋಡಿಕೊಂಡು ನಮ್ಮವರು ಇಪ್ಪತ್ತು ಡಯಲ್ ಬರೆದಿಟ್ಟರು.

ಎಲ್ಲ ಅಳಿಸಿ ಮತ್ತೆ ಬರೆಯಬೇಕಾಯಿತು. ಪೇಂಟರನನ್ನು ಕರೆಸಿ ತೋರಿಸಿದೆ. ಆತ ಅಂಕಿಗಳನ್ನು ಬೆರಳಿಟ್ಟು ಎಣಿಸಿ ಹೇಳಿದ: "ನೀವು ಮೂರು ಅಂಕಿ ಕೊಟ್ಟಿದ್ರಿ, ಮೂರೂ ಅದಾವಲ್ರಿ. ನಾ ಏನ್ ಒಂದರ ಬಿಟ್ಟೇನೇನು?"

೨. ಸುಳ್ಳದ ಗಿರಣಿ

ಸುಳ್ಳ ಎಂಬ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಒಬ್ಬರು ಬೆಲ್ಟಿನ ಬಿಗಿ ನೋಡಲು ನಮ್ಮಿಂದ ಮೀಟರು ಒಯ್ದಿದ್ದರು. ಅದರ ಜೊತೆಗಿದ್ದ ಹಾಳೆಯಲ್ಲಿ, ಬೆಲ್ಟಿನ ನಡುವೆ ಇಪ್ಪತ್ತು ನ್ಯೂಟನ್ ಬಲ ಹಾಕಿದರೆ ಅದು ಒಂದು ಬೆರಳಿನಷ್ಟು ಬಾಗಬೇಕು ಎಂದು ಬರೆದಿದ್ದೆವು. ಮೂರು ದಿನದಲ್ಲಿ ಅವರು ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡೇ ವಾಪಸ್ ಬಂದರು. ಅದು ಒದ್ದೆ ಧೋತರದ ಹಾಗೆ ಜೋತುಬಿದ್ದಿತ್ತು.

"ಇಪ್ಪತ್ತು ಅಂತ ಬರದಿದ್ರಿ. ಇಪ್ಪತ್ತು ಕಿಲೋ ಜ್ವಾಳದ ಚೀಲಾ ತೂಗಬಿಟ್ಟೆ" ಎಂದರು.

"ಇಪ್ಪತ್ತು ನ್ಯೂಟನ್ ರೀ. ಅಂದ್ರ ಎರಡು ಕಿಲೋ ಇದ್ದಂಗ."

"ಎರಡು ಕಿಲೋ ತೂಗಿದ್ರ ಮೀಟರು ಇಪ್ಪತ್ತು ತೋರಸ್ತೈತೇನು?"

ತೂಗಿ ತೋರಿಸಿದೆ. ಮುಳ್ಳು ಇಪ್ಪತ್ತರ ಹತ್ತಿರ ನಿಂತಿತು. ಅವರ ಸಿಟ್ಟೆಲ್ಲ ಇಳಿದು ಮುಖ ಅರಳಿತು.

"ಬೆಲ್ಟು ಹಾಳಾಗ್ಲಿ ಬಿಡ್ರಿ. ಇಂಥಾದ್ದೊಂದು ದೊಡ್ಡ ತಕ್ಕಡಿ ಮಾಡಿಕೊಡ್ರಿ. ಹತ್ತು ಕಿಲೋ ಕೊಟ್ರ ಒಂಬತ್ತೂವರಿ ಹಿಟ್ಟು ಬಂತು ಅಂತ ದಿನಾ ಜಗಳಾ ತೆಗಿಯೋ ಹೆಣ್ಣಮಕ್ಕಳಿಗೆ ಇದರಾಗ ತೂಗಿ ತೋರಸ್ತೇನಿ."

೩. ತಂಬೂರಿಯ ಭಾರ

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಗಾಯಕಿ ಇದ್ದರು, ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಕಾರ್ಯಕ್ರಮಕ್ಕೆ ಹೋದಲ್ಲೆಲ್ಲ ಅವರ ತಂಬೂರಿ ಹೊರುವವರು ಅವರ ಯಜಮಾನರು, ನಿವೃತ್ತ ಹೆಡ್‌ಮಾಸ್ತರರು. ಒಂದು ಭಾನುವಾರ ಬಾಯಿ, "ತಂಬೂರಿ ತಂತಿ ಎಷ್ಟು ಎಳೀತಾವ ಅಂತ ನಿನ್ನ ಮೀಟರಿನ್ಯಾಗ ತಿಳೀತದೇನವಾ?" ಎಂದರು. ಒಂದೊಂದೇ ತಂತಿ ಅಳೆದು ನೋಡಿದೆ. ನಾಲ್ಕೂ ಕೂಡಿ ಸುಮಾರು ನೂರಾ ಅರವತ್ತು ನ್ಯೂಟನ್ ಬಂತು. ಬಾಯಿಗೆ ತಿಳಿಯಲಿ ಎಂದು, "ಹದಿನಾರು ಕಿಲೋ ತೂಗಬಿಟ್ಟಂಗ ರೀ" ಎಂದೆ. ಅಲ್ಲೇ ತಪ್ಪಿದ್ದು.

ಒಳಗಿನಿಂದ ಮಾಸ್ತರರು ಬಂದರು. "ಎಷ್ಟಂದಿ? ಹದಿನಾರು? ಮ್ಯಾಲೆ ಕುಂಬಳಬುರುಡಿ, ಕಟಗಿ ಬ್ಯಾರೆ. ಇಪ್ಪತ್ತು ವರ್ಷ ಆತು ಇದನ್ನ ಹೊತಗೊಂಡು ಅಡ್ಡಾಡಾಕತ್ತೇನಿ. ನನ್ನ ಬೆನ್ನು ಯಾಕ ನೋಯತದ ಅಂತ ಇವತ್ತ ತಿಳೀತು."

ತಂತಿ ಎಳೆಯುವುದು ತಂಬೂರಿಯ ಎರಡು ತುದಿಗಳನ್ನು, ಹೊರುವವರ ಹೆಗಲನ್ನಲ್ಲ ಎಂದು ಅರ್ಧ ಗಂಟೆ ಹೇಳಿದೆ. ಚಿತ್ರ ಬರೆದು ತೋರಿಸಿದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಬಾಯಿ ಬೇಸತ್ತು, ನಾಲ್ಕೂ ತಂತಿ ಸಡಿಲು ಮಾಡಿ ತಂಬೂರಿಯನ್ನು ಅವರ ಕೈಗೆ ಕೊಟ್ಟರು.

ಮಾಸ್ತರರು ಅದನ್ನು ಎತ್ತಿ, ಕಣ್ಣು ಮುಚ್ಚಿ, ಒಂದೆರಡು ಹೆಜ್ಜೆ ನಡೆದು, ಸಮಾಧಾನದಿಂದ ಹೇಳಿದರು: "ಈಗ ನೋಡು, ಹತ್ತಿ ಆತು."

೪. ಐದುನೂರು ನ್ಯೂಟನ್ನಿನ ಮನುಷ್ಯ

ಪುಣೆಯ ಗಿರಾಕಿಯೊಬ್ಬರು ಎಂಟು ದೊಡ್ಡ ಮೀಟರು ಕೇಳಿದ್ದರು. ಐದುನೂರು ನ್ಯೂಟನ್ನಿನಲ್ಲಿ ಮುಳ್ಳು ಕೆಂಪು ಗೆರೆಯ ಮೇಲೆ ನಿಲ್ಲಬೇಕು. ಹದಿನೈದು ದಿನದಲ್ಲಿ ಅವರ ಇನ್‌ಸ್ಪೆಕ್ಟರರು ಬರುವವರಿದ್ದರು. ಅವರು ಒಪ್ಪಿದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಮನೆಗೆ. ಆದರೆ ಮೀಟರಿಗೆ ತೂಗಿ ಪರೀಕ್ಷಿಸುವ ನಮ್ಮ ಕಬ್ಬಿಣದ ತೂಕಗಳು ಸರ್ಟಿಫಿಕೇಟಿಗೆಂದು ಬೆಂಗಳೂರಿಗೆ ಹೋಗಿದ್ದವು. ಕೇಳಿದಾಗಲೆಲ್ಲ ನಾಳೆ ಬರುತ್ತವೆ ಎನ್ನುತ್ತಿದ್ದರು.

"ಐದುನೂರು ಅಂದ್ರ ಎಷ್ಟು ಕಿಲೋ?" ಎಂದು ಫೋರಮನ್ ಕಾಕಾ ಕೇಳಿದರು.

"ಐವತ್ತೊಂದು."

ಕಾಕಾ ಸುತ್ತಲೂ ನೋಡಿ, ಮಾಲು ಕಳಿಸುವ ನಮ್ಮ ಕ್ಲಾರ್ಕನ ಮೇಲೆ ಕಣ್ಣು ನಿಲ್ಲಿಸಿದರು. ಆತನನ್ನು ಮಾಲು ತೂಗುವ ಕಾಟಾದ ಮೇಲೆ ನಿಲ್ಲಿಸಿದರೆ ಸರಿಯಾಗಿ ಐವತ್ತೊಂದು ಕಿಲೋ. ಮೀಟರಿನ ಕೊಕ್ಕೆಗೆ ಜೋಕಾಲಿ ಕಟ್ಟಿ ಕೂರಿಸಿದೆವು. ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿತು.

ಅಂದಿನಿಂದ ಆತನ ಊಟ ಕಾಕಾನ ಕೈಗೆ ಬಂತು. ಮುಂಜಾನೆ ಕಾಟಾ ಹತ್ತಬೇಕು. ಹೆಚ್ಚಾದರೆ ನಾಷ್ಟಾ ಇಲ್ಲ, ಕಡಿಮೆಯಾದರೆ ಎರಡು ಬಾಳೆಹಣ್ಣು. ಆತ ಬೇಸರ ಮಾಡಿಕೊಳ್ಳಲಿಲ್ಲ. "ನಾ ಕುಂತ್ರನ ಮಾಲು ಪಾಸ್" ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗಿದ.

ನಡುವೆ ಆತ ಹೆಬ್ಬಳ್ಳಿಗೆ ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬಂದ. ಅಂದು ಕಾಟಾ ಹತ್ತಿಸುವುದನ್ನು ಮರೆತು ಜೋಕಾಲಿಯಲ್ಲಿ ಕೂರಿಸಿದರೆ ಎಂಟೂ ಮೀಟರು ಐದುನೂರಾ ಹದಿನೈದು ತೋರಿಸಿದವು. ಕಾಕಾ ಗಾಬರಿಯಾಗಿ ಎಲ್ಲವನ್ನೂ ಬಿಚ್ಚಿ ಸ್ಪ್ರಿಂಗ್ ಸರಿಮಾಡಿಬಿಟ್ಟರು. ಕೆಲಸ ಮುಗಿದ ಮೇಲೆ ನನಗೆ ಸಂಶಯ ಬಂದು ಆತನನ್ನು ಕಾಟಾ ಹತ್ತಿಸಿದೆ. ಐವತ್ತೆರಡೂವರೆ.

"ಹೋಳಿಗಿ ಎಷ್ಟು ತಿಂದಿ?" ಎಂದರು ಕಾಕಾ.

"ಬೀಗರು ಬಿಡಲಿಲ್ರಿ."

"ಮೀಟರು ಸರಿ ಇದ್ದವು ಕಾಕಾ. ಐವತ್ತೆರಡೂವರಿ ಕಿಲೋಕ್ಕ ಐದುನೂರಾ ಹದಿನೈದನ ಬರಬೇಕು" ಎಂದೆ. ಎಂಟನ್ನೂ ಮತ್ತೆ ಬಿಚ್ಚಿದೆವು. ಎರಡು ದಿನ ಆತನಿಗೆ ಬರೀ ಮಜ್ಜಿಗೆ.

ಇನ್‌ಸ್ಪೆಕ್ಟರರು ಬಂದ ಮುಂಜಾನೆಯೂ ತೂಕಗಳು ಬಂದಿರಲಿಲ್ಲ. ಅವರು ಕನ್ನಡ ಬಲ್ಲವರು, ನಗದವರು. "ಇಷ್ಟು ದಿನ ಯಾವುದರಿಂದ ಪರೀಕ್ಷೆ ಮಾಡಿದಿರಿ? ತೋರಿಸಿ" ಎಂದರು. ವರ್ಕ್‌ಶಾಪಿನ ಮಾಲಕರು ಕಾಕಾನ ಮುಖ ನೋಡಿದರು, ಕಾಕಾ ನನ್ನ ಮುಖ ನೋಡಿದರು. ಅಷ್ಟರಲ್ಲಿ ಕ್ಲಾರ್ಕ್ ತಾನೇ ಮುಂದೆ ಬಂದು, ಕೈ ಕಟ್ಟಿಕೊಂಡು ನಿಂತ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಇನ್‌ಸ್ಪೆಕ್ಟರರು ತೂಕಗಳು ಬರಲಿ ಎಂದು ಕುರ್ಚಿಯಲ್ಲಿ ಕುಳಿತರು. ಪುಣ್ಯಕ್ಕೆ ಮಧ್ಯಾಹ್ನದ ಬಸ್ಸಿಗೆ ತೂಕಗಳು ಬಂದವು. ಒಂದೊಂದಾಗಿ ತೂಗಿದರು. ಎಂಟೂ ಮೀಟರು ಕೆಂಪು ಗೆರೆಯ ಮೇಲೇ ನಿಂತವು. ಕಾಗದಕ್ಕೆ ಸಹಿ ಹಾಕಿ ಎದ್ದವರು ಕ್ಲಾರ್ಕನನ್ನು ಮೇಲಿಂದ ಕೆಳಗೆ ನೋಡಿ, "ಕಬ್ಬಿಣದ ತೂಕವನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಕಳಿಸುತ್ತಾರೆ. ನಿಮ್ಮನ್ನು ಎಷ್ಟು ದಿನಕ್ಕೊಮ್ಮೆ ತಪಾಸಣೆ ಮಾಡುತ್ತಿದ್ದರು?" ಎಂದು ಕೇಳಿದರು.

ಆತ ನೆಟ್ಟಗೆ ನಿಂತು ಹೇಳಿದ: "ದಿನಾ ಎರಡು ಸಲ ರೀ ಸಾಹೇಬ್ರ. ಸಂಡಾಸಕ್ಕ ಹೋಗೂಕಿಂತ ಮೊದಲೊಮ್ಮೆ, ಹೋಗಿ ಬಂದ ಮ್ಯಾಲೊಮ್ಮೆ."