ಕುಸ್ತಿ ಮೂರು, ಮಾನ ಒಂದೇ

ಎಪ್ಪತ್ತರ ದಶಕದಲ್ಲಿ ಬೆಟಗೇರಿಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವನು ನಾನು. ಪೈಲ್ವಾನ ಅಂತ ಹೆಸರು ಬರಲಿಲ್ಲ; ನಗೆಪಾಟಲಾಗುವ ಪ್ರಸಂಗಗಳು ಮಾತ್ರ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊರ್ಲಹಳ್ಳಿಯಲ್ಲಿ

ಮೊದಲ ಕುಸ್ತಿ. ತೊಡೆ ತಟ್ಟಿ, ಹಣೆಗೆ ಮಣ್ಣು ಹಚ್ಚಿ, ಎದುರಾಳಿಗೆ ಕೈ ಕೊಟ್ಟೆ. ಅವನು ಎಳೆದ; ನಾನು ಅಂಗಾತ ಬಿದ್ದೆ. ಮೈ ಕೊಡವಿಕೊಂಡು ಅಂಚಿಗೆ ಬಂದರೆ, ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜನೊಬ್ಬ ಕೇಳಿದ, "ತಮ್ಮಾ, ನಿನ್ನ ಕುಸ್ತಿ ಯಾವಾಗ ಸುರು ಆಗತೈತಿ?"

"ಆತು ಯಜ್ಜಾ."

"ನಾ ಸುಣ್ಣಾ ಹಚ್ಚೂದ್ರಾಗ?"

ಶಿರಹಟ್ಟಿಯಲ್ಲಿ

ಈ ಸಲ ಮಾನ ಉಳಿಸಿಕೊಳ್ಳಲೇಬೇಕಿತ್ತು. ಎದುರಾಳಿ ಲಕ್ಷ್ಮೇಶ್ವರದ ಗೆಳೆಯ. ಯಾರೂ ಬೀಳುವುದು ಬೇಡ, ಸಮ ಮಾಡಿಕೊಳ್ಳೋಣ ಎಂದು ಚಹಾದಂಗಡಿಯಲ್ಲೇ ಮಾತಾಯಿತು. ಬೀಳದೆ ಏನು ಮಾಡಬೇಕೆಂದು ಮಾತ್ರ ಮಾತಾಡಿರಲಿಲ್ಲ. ಕೊರಳಿಗೆ ಕೊರಳು ಹಚ್ಚಿ ನಿಂತೇ ಇದ್ದೆವು. ಹಲಗಿ ಬಡಿಯುವವನೂ ದಣಿದು ಕುಳಿತ.

"ಅಕ್ಕನ್ನ ಗಂಡನ ಮನಿಗೆ ಕಳಸಾಕ ಬಂದೀರೇನಲೇ?" ಎಂದು ಯಾರೋ ಕೂಗಿದರು.

ಊರೆಲ್ಲ ನಕ್ಕಿತು. ಗರಡಿಯ ಗುರುಗಳು, ನಮ್ಮ ವಸ್ತಾದರು, ನಗಲಿಲ್ಲ. "ಸೋತ್ರ ಸೋಲಲೇ. ನಾಟಕದ ಕುಸ್ತಿ ಇನ್ನೊಮ್ಮೆ ಆಡಿದೆಂದ್ರ ಗರಡಿ ಮೆಟ್ಲಾ ಹತ್ತಬ್ಯಾಡ." ಆ ಗರಡಿ ಬಿಟ್ಟರೆ ನನಗೆ ಬೇರೆ ಠಿಕಾಣಿ ಇರಲಿಲ್ಲ.

ಗದಗಿನಲ್ಲಿ

ಆಮೇಲೆ ಗದಗಿಗೆ ಟಿಕೇಟಿನ ಫ್ರೀಸ್ಟೈಲ್ ಕುಸ್ತಿ ಬಂತು. ಹಗ್ಗದ ಕಣ, ಬಣ್ಣದ ದೀಪ, ತಲೆಯ ಮೇಲೆ ತೂಗುವ ಮೈಕು. ಆಟದ ಮಾಲೀಕ ನನ್ನನ್ನು ಕರೆದು ಹೇಳಿದ, "ಮುಖವಾಡದಾಂವ ಪರದೇಶದ ರಾಕ್ಷಸ. ದೂಡಿದ ಕೂಡಲೇ ಬೀಳ್ರಿ, ಸಾಕು." ಬೀಳುವುದು ನನಗೆ ರೂಢಿಯೇ. ಒಂದು ಸಲವಾದರೂ ಚಪ್ಪಾಳೆ ಕೇಳುವ ಆಸೆಗೆ ಒಪ್ಪಿಬಿಟ್ಟೆ. ಮಂದಿಯಲ್ಲಿ ವಸ್ತಾದರು ಇದ್ದಾರೇನೋ ಎಂದು ಕಳ್ಳನಂತೆ ಹುಡುಕಿದೆ. ಕಾಣಲಿಲ್ಲ. ಜೀವ ಹಗುರಾಯಿತು.

ರಾಕ್ಷಸ ಗುಡುಗುತ್ತ ಬಂದು ನನ್ನ ಕತ್ತಿಗೆ ಕೈ ಹಾಕಿದ. ವರ್ಷಗಟ್ಟಲೆ ನನ್ನನ್ನು ಮಣ್ಣಿಗೆ ಒತ್ತಿದ್ದ ಕೈ ಅದು! ವಸ್ತಾದರ ಜೊತೆ ಆಡುವ ಮೊದಲು ಅವರ ಕಾಲಿಗೆ ಬೀಳುವುದು ನಮ್ಮ ಗರಡಿಯ ಪದ್ಧತಿ. ತಲೆ ಯೋಚಿಸುವ ಮೊದಲೇ ಮೈ ಬಗ್ಗಿತು, ಪಾದ ಮುಟ್ಟಿದೆ. ಅವರಿಗೂ ರೂಢಿಯಲ್ಲವೇ? ಬೆನ್ನು ತಟ್ಟಿ, "ಚಲೋ ಆಡಲೇ ಮಗನ" ಎಂದರು. ಮೈಕು ಅದನ್ನು ಊರಿಗೆಲ್ಲ ಸಾರಿತು.

"ಪರದೇಶದಾಂವಗ ಕನ್ನಡಾ ಎಷ್ಟ ಚಲೋ ಬರತೈತ್ರಿ!" ಎಂದಿತು ಮುಂದಿನ ಸಾಲು.

ಮರುದಿನ ಮುಂಜಾನೆ ಗರಡಿಯ ಮೆಟ್ಟಿಲ ಕೆಳಗೆ ನಾಚಿಕೆಯಿಂದ ಹಿಡಿಯಷ್ಟಾಗಿ ನಿಂತಿದ್ದೆ. ವಸ್ತಾದರೂ ಬಂದು ಪಕ್ಕದಲ್ಲೇ ನಿಂತರು. ಮುಖ ನೋಡುವ ಧೈರ್ಯ ಇಬ್ಬರಿಗೂ ಇಲ್ಲ.

"ನೀ ಹತ್ತಲೇ" ಎಂದರು.

"ಮೊದಲ ನೀವ ಹತ್ರಿ."

ಬಿಸಿಲು ಏರಿದರೂ ಇಬ್ಬರೂ ಹತ್ತಲಿಲ್ಲ. ಕೊನೆಗೆ ಅವರೇ ನೆಲ ನೋಡುತ್ತ ಮೆಲ್ಲಗೆ ಹೇಳಿದರು, "ಹಿಂಗ ನಿಂತ್ರ ಇದೂ ಶಿರಹಟ್ಟಿ ಕುಸ್ತಿನ ಆತಲ್ಲೋ."